ಯಾರ ರೋಲ್‌ನಲ್ಲಿ ಸೇರ್ತೀಯ?

ಟರ್ನರ್ ಟ್ರೇಡಿನಲ್ಲಿ ಐಟಿಐ ಪಾಸಾದೆಯಂತೆ, ಸಂತೋಷ ಕಣಪ್ಪ. ನಿಮ್ಮವ್ವ ಆ ಸುದ್ದಿ ಹೇಳಿದ ಉಸಿರಲ್ಲೇ "ಬಿಡದಿ ಫ್ಯಾಕ್ಟರಿಯಲ್ಲಿ ಯಾರನ್ನಾದ್ರೂ ಹಿಡಿದು ಒಳಕ್ಕೆ ಸೇರಿಸಣ್ಣ" ಅಂದಳು. ನಿನ್ನ ಈ ಮಾವನಿಗೆ ಯಾರನ್ನೂ ಹಿಡಿದು ಅಭ್ಯಾಸ ಇಲ್ಲ. ಮೆಷಿನ್ ಶಾಪಿನಲ್ಲೇ ತಲೆ ನರೆತವನು ನಾನು, ಗೊತ್ತಿರೋವಷ್ಟು ಹೇಳ್ತೀನಿ, ಕೇಳಿಸಿಕೋ.

ಗೇಟಿನ ಮುಂದೆ ನಿಂತ ಹುಡುಗರೆಲ್ಲ ಮೊದಲು ಕೇಳೋದು ಸಂಬಳ ಎಷ್ಟು ಅಂತ. ನೀನು ಮೊದಲು ಕೇಳಬೇಕಾದ್ದು, "ಸಾರ್, ನಾನು ಯಾರ ರೋಲ್‌ನಲ್ಲಿ ಇರ್ತೀನಿ?" ಅಂದರೆ ಯಾರ ಪಟ್ಟಿಯಲ್ಲಿ ನಿನ್ನ ಹೆಸರು ಅಂತ. ಒಂದೇ ಲೈನಿನಲ್ಲಿ ಒಂದೇ ಕೆಲಸ ಮಾಡ್ತಾ ನಾಲ್ವರು ನಿಂತಿರ್ತಾರೆ. ಒಬ್ಬ ಕಂಪನಿ ರೋಲ್, ಒಬ್ಬ ಕಾಂಟ್ರ್ಯಾಕ್ಟರ್ ರೋಲ್, ಒಬ್ಬ ಅಪ್ರೆಂಟಿಸ್. ನಾಲ್ಕನೆಯವನನ್ನು ಸುಮ್ಮನೆ ಬಾಯಿಮಾತಿಗೆ ಟ್ರೈನಿ ಅಂತಾರೆ, ಕೈಯಲ್ಲಿ ಒಂದು ಚೀಟಿಯೂ ಇರೋದಿಲ್ಲ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರೋ ಇವರ ನಡುವಿನ ವ್ಯತ್ಯಾಸ ಗೊತ್ತಾಗೋದು ಕೈಗೆ ಏಟು ಬಿದ್ದ ದಿನ, ಇಲ್ಲಾ ಆರ್ಡರ್ ಕಡಿಮೆಯಾದ ತಿಂಗಳು.

ಅಪ್ರೆಂಟಿಸ್ ಅಂದರೆ ಮೂಗು ಮುರೀಬೇಡ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನಿನಗೂ ಕಂಪನಿಗೂ ಲಿಖಿತ ಒಪ್ಪಂದ ಆಗಬೇಕು, ಅದು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಸ್ಟೈಪೆಂಡ್ ಸಿಗುತ್ತೆ, ಕೊನೆಗೆ ಪರೀಕ್ಷೆ ಪಾಸು ಮಾಡಿದರೆ ರಾಷ್ಟ್ರೀಯ ಮಟ್ಟದ ಸರ್ಟಿಫಿಕೇಟ್ ಸಿಗುತ್ತೆ. ಆದರೆ ಆ ಕಾಯ್ದೆಗೆ ನೀನು ಕಲಿಯೋನು, ಕೆಲಸಗಾರ ಅಲ್ಲ. ಹಾಗಾಗಿ ಪಿಎಫ್ ಕೇಳೋ ಹಾಗಿಲ್ಲ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ, ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಉಂಟು. ಇದು ಗೊತ್ತಿದ್ದು ಸೇರಿದರೆ ಒಳ್ಳೇ ದಾರಿ. ನಾಲ್ಕನೆಯವನ ಜಾಗಕ್ಕೆ ಮಾತ್ರ ಹೋಗಬೇಡ. ಅಲ್ಲಿ ಕಾಯ್ದೆಯೂ ಇಲ್ಲ, ಕಲಿಕೆಯೂ ಇಲ್ಲ.

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೋಡಿದ್ದೀಯಲ್ಲ, ರೀಲರ್ ಲಾಟಿಗೆ ಕೈ ಹಾಕಿ ನಾಲ್ಕು ಗೂಡು ಎತ್ತಿ ಅಲ್ಲಾಡಿಸದೆ ಬೆಲೆ ಹೇಳೋದಿಲ್ಲ. ನೀನೂ ಹಾಗೆ ಆಫರ್ ಲೆಟರಿಗೆ ಕೈ ಹಾಕು. ಲೆಟರ್‌ಹೆಡ್ ಯಾರದ್ದು, ಬಿಡದಿಯ ಕಂಪನಿಯದ್ದೋ ಬೆಂಗಳೂರಿನ ಯಾವುದೋ ಮ್ಯಾನ್‌ಪವರ್ ಏಜೆನ್ಸಿಯದ್ದೋ? ಒಟ್ಟು ಸಂಬಳ 16,000, ಅದರಲ್ಲಿ ಬೇಸಿಕ್ಕು ಡಿಎ ಸೇರಿ 12,000 ಅಂತಿಟ್ಟುಕೋ. ಪಿಎಫ್‌ಗೆ 12,000ದ ಶೇ 12, ಅಂದರೆ 1,440 ಹೋಗುತ್ತೆ. ಇಎಸ್‌ಐಗೆ ಒಟ್ಟಿನ ಮೇಲೆ ಶೇ 0.75, ಅಂದರೆ 120. ಕೈಗೆ ಬರೋದು 14,440, ಕ್ಯಾಂಟೀನು, ಬಸ್ಸಿನ ದುಡ್ಡು ಹಿಡಿದುಕೊಂಡರೆ ಇನ್ನೂ ಕಡಿಮೆ. ಅಯ್ಯೋ ಹೋಯ್ತಲ್ಲ ಅನ್ನಬೇಡ. ಪಿಎಫ್‌ಗೆ ಕೆಲಸ ಕೊಟ್ಟೋರೂ ಅಷ್ಟೇ ಹಾಕ್ತಾರೆ, ಇಎಸ್‌ಐಗೆ ನಿನಗಿಂತ ಜಾಸ್ತಿ ಕಟ್ತಾರೆ, ನಿನ್ನನ್ನೇ ನಂಬಿಕೊಂಡಿರೋ ಅವ್ವನಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತೆ. "ಕಟಿಂಗ್ ಏನೂ ಇಲ್ಲ, ಪೂರ್ತಿ ಕ್ಯಾಶ್" ಅನ್ನೋ ಕಡೆ ಅನುಮಾನ ಇರಲಿ. ಕೆಲಸ ಕೊಡಿಸ್ತೀನಿ, ಇಷ್ಟು ಅಡ್ವಾನ್ಸ್ ಕೊಡು ಅಂದರೆ ಅಲ್ಲಿಂದಲೇ ವಾಪಸ್ ಬಾ. ಒರಿಜಿನಲ್ ಮಾರ್ಕ್ಸ್ ಕಾರ್ಡು ತೋರಿಸು, ಬಿಟ್ಟು ಬರಬೇಡ.

ಮಾರ್ಕ್ಸ್ ಕಾರ್ಡ್ ಅಂದಾಗ ನೆನಪಾಯ್ತು. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಹಿಂದೆ ಇದ್ದರೆ ಪಿಎಫ್ ದುಡ್ಡು ತೆಗೆಯೋವಾಗ ಅಲೆದಾಟ. ಹೆಸರು, ಹುಟ್ಟಿದ ದಿನ ಎಲ್ಲಾ ಕಡೆ ಒಂದೇ ಇರೋ ಹಾಗೆ ಈಗಲೇ ಸರಿಮಾಡಿಸು. ಜಿಲ್ಲೆಯ ಹೆಸರಿಗೆ ತಲೆಕೆಡಿಸಿಕೊಳ್ಳಬೇಡ. 2025ರಲ್ಲಿ ಅದು ಬೆಂಗಳೂರು ದಕ್ಷಿಣ ಆಯ್ತು, ಹಳೇ ಕಾಗದಗಳಲ್ಲಿ ರಾಮನಗರ ಅಂತಲೇ ಇರುತ್ತೆ, ಎಲ್ಲರದ್ದೂ ಹಾಗೇ.

ಇಂಟರ್‌ವ್ಯೂಗೆ ಇಂಗ್ಲಿಷ್ ಬರಲ್ಲ ಅಂತ ಹೆದರ್ತೀಯಂತೆ. ಟರ್ನರ್ ಕೆಲಸಕ್ಕೆ ಕರೆದೋರು ನಿನ್ನ ಕೈಗೆ ವರ್ನಿಯರ್ ಕೊಡ್ತಾರೆ. ಅರ್ಧ ಜನ ತಗೊಂಡ ತಕ್ಷಣ ಜಾಬನ್ನು ಅಳೆಯೋಕೆ ಹೊರಡ್ತಾರೆ. ನೀನು ಮೊದಲು ದವಡೆ ಒರೆಸು, ಮುಚ್ಚು, ಸೊನ್ನೆಗೆ ಸೊನ್ನೆ ಕೂರುತ್ತಾ ನೋಡು, ಆಮೇಲೆ ಅಳತೆ ತಗೋ. ಲೀಸ್ಟ್ ಕೌಂಟ್ ಕೇಳಿದರೆ 0.02 ಮಿ.ಮೀ., ಮೈಕ್ರೋಮೀಟರ್ ಆದರೆ 0.01. ಎದುರಿಗೆ ಕೂತಿರೋನು ನಿನ್ನ ಉತ್ತರಕ್ಕಿಂತ ಆ ಒರೆಸೋ ಕೈಯನ್ನು ನೋಡ್ತಿರ್ತಾನೆ. ನಾನೂ ಅದನ್ನೇ ನೋಡ್ತಿದ್ದೆ.

ಇನ್ನೊಂದು. ಮನೆಯಲ್ಲಿ ಬೊಂಬೆ ಲೇತ್ ಇದೆ ಅಂತ ಹೇಳೋಕೆ ನಿನಗೆ ನಾಚಿಕೆ. ಅದ್ಯಾಕೋ ಚನ್ನಪಟ್ಟಣದ ಹುಡುಗರಿಗೆಲ್ಲ ಆ ನಾಚಿಕೆ ಇದೆ. ತಿರುಗೋ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯೋದನ್ನು ಅಂಬೆಗಾಲಿಡೋವಾಗಿಂದ ನೋಡಿದೋನು ನೀನು. ಎಷ್ಟು ಒತ್ತಬೇಕು, ಉಳಿ ಅದುರಿದರೆ ಸದ್ದು ಹೇಗೆ ಬದಲಾಗುತ್ತೆ ಅನ್ನೋದು ಐಟಿಐಯಲ್ಲಿ ಎರಡು ವರ್ಷಕ್ಕೆ ಬರೋದಲ್ಲ. ಬಯೋಡೇಟಾದಲ್ಲಿ "ಹವ್ಯಾಸ: ಕ್ರಿಕೆಟ್" ಹೊಡೆದುಹಾಕಿ ಇದನ್ನು ಬರಿ.

ಎಲ್ಲಿ ಹುಡುಕೋದು ಅಂದರೆ, ನಿನಗೆ ಬಿಡದಿಗೆ ರೈಲಿದೆ, ಮೆಮು ನಿಲ್ಲುತ್ತೆ. ಮಾಗಡಿಯ ನಿನ್ನ ಗೆಳೆಯನಿಗೆ ರೈಲೂ ಇಲ್ಲ, ಅವನು ಶಿಫ್ಟ್ ಟೈಮಿಗೆ ಬಸ್ ಇದೆಯಾ ಅಂತ ನೋಡಿಕೊಂಡೇ ಒಪ್ಪಬೇಕು. ಕನಕಪುರದೋರಿಗೆ ಹಾರೋಹಳ್ಳಿ ಫ್ಯಾಕ್ಟರಿಗಳು ಹತ್ತಿರ. ಇನ್ನೂ ಕಲೀಬೇಕು ಅನ್ನಿಸಿದರೆ ಕನಕಪುರ, ಮಾಗಡಿ ಎರಡೂ ಕಡೆ ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ, ಜಿಟಿಟಿಸಿ ಇದೆ. ನಿನ್ನ ತಮ್ಮ ಈ ಸಲ ಎಸ್ಸೆಸ್ಸೆಲ್ಸಿ ಅಲ್ವಾ? ಬಿಡದಿಯಲ್ಲಿ ಟೊಯೋಟಾದವರು 2007ರಲ್ಲಿ ಶುರು ಮಾಡಿದ ತರಬೇತಿ ಸಂಸ್ಥೆ ಹಳ್ಳಿ ಮಕ್ಕಳನ್ನು ಹತ್ತನೇ ಕ್ಲಾಸಿನ ಮೇಲೆ ತಗೊಂಡು, ಅಲ್ಲೇ ಇಟ್ಟುಕೊಂಡು ಮೂರು ವರ್ಷ ಕಲಿಸುತ್ತೆ. ಅರ್ಜಿ ಯಾವಾಗ ಅಂತ ವಿಚಾರಿಸಲಿ.

ನಿಮ್ಮಪ್ಪನಿಗೆ ಸರ್ಕಾರಿ ನೌಕರಿಯ ಆಸೆ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ನಮ್ಮ ಸೀಮೆಯೋರೇ, ಆಸೆ ತಪ್ಪಲ್ಲ. ಪರೀಕ್ಷೆ ಬರಿ. ಆದರೆ ಪಟ್ಟಿ ಬರೋ ತನಕ ಮನೆಯಲ್ಲಿ ಕೂರಬೇಡ, ಲೇತ್ ಬಿಟ್ಟ ಕೈ ಬೇಗ ಮರೆಯುತ್ತೆ.

ಸೇರಿದ ಮೊದಲ ತಿಂಗಳು ನಿನ್ನ ಪಿಎಫ್‌ನ ಯುಎಎನ್ ನಂಬರ್ ಕೇಳಿ ಬರೆದಿಟ್ಟುಕೋ. ಸಂಬಳದ ಚೀಟಿ ಬಂದ ದಿನ ನನ್ನ ವಾಟ್ಸಾಪಿಗೆ ಒಂದು ಫೋಟೊ ಹಾಕು. ಅಂಕಿ ನಾನೇನೂ ನೋಡಲ್ಲ, ಪಿಎಫ್ ಕಾಲಂ ಖಾಲಿ ಇದೆಯಾ ಅಂತ ನೋಡಬೇಕು.