ಗಾಜಿನ ಕಡ್ಡಿ ಕೆಳಗಿಟ್ಟ ಗಳಿಗೆ

ಬಿ.ಎಸ್ಸಿ. ಎರಡನೇ ವರ್ಷ. 0.50 ಗ್ರಾಂ ತಾಮ್ರದ ತಂತಿ ಕೈಗೆ ಕೊಟ್ಟು, ಐದು ಕ್ರಿಯೆ ದಾಟಿಸಿ ಮತ್ತೆ ತಾಮ್ರವನ್ನೇ ತಂದೊಪ್ಪಿಸಿ ಅಂದಿದ್ದರು. ನೈಟ್ರಿಕ್ ಆಮ್ಲ ಸುರಿದದ್ದೇ ಕಂದು ಹೊಗೆ ಎದ್ದಿತು. ಅದು ನೈಟ್ರೋಜನ್ ಡೈಆಕ್ಸೈಡ್, ಶ್ವಾಸಕೋಶಕ್ಕೆ ವಿಷ. ಹೊಗೆ ಎಳೆಯಬೇಕಾದ ಫ್ಯಾನು ಕೆಟ್ಟು ತಿಂಗಳುಗಳೇ ಆಗಿದ್ದವು. ವಿಭಾಗದ ಮುಖ್ಯಸ್ಥರು ನಮ್ಮ ಅರ್ಜಿ ತೆಗೆದುಕೊಂಡರೇ ಹೊರತು ರಿಪೇರಿ ಮಾಡಿಸಲಿಲ್ಲ. ಕಿಟಕಿಗೆ ಆತುಕೊಂಡು, ಮುಖ ಹೊರಗೆ ಚಾಚಿ ಕೆಲಸ ಮಾಡಿದೆವು. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಸೋಡಿಯಂ ಹೈಡ್ರಾಕ್ಸೈಡ್ ಹನಿಸಿದಾಗ ತಿಳಿನೀಲಿ ಗಷ್ಟು ಕಟ್ಟಿತು, ಮೊಸರಿನಷ್ಟು ಮಂದ. ಕಾಯಿಸಿದರೆ ಅದು ನೀರು ಬಿಟ್ಟುಕೊಟ್ಟು ಕಪ್ಪು ತಾಮ್ರದ ಆಕ್ಸೈಡ್ ಆಗುತ್ತದೆ. "ಕಲಕ್ತಾನೇ ಇರಮ್ಮ" ಎಂದು ಅಟೆಂಡರ್ ಎರಡು ಸಲ ಹೇಳಿದರು. ಎಲ್ಲರಿಗಿಂತ ಮೊದಲು ಮುಗಿಸುವ ಹಟ ನನಗೆ. ಉರಿ ಏರಿಸಿದೆ, ರೆಕಾರ್ಡ್ ಬರೆಯಲು ಕಡ್ಡಿ ಕೆಳಗಿಟ್ಟೆ. ನೀಲಿಯೊಳಗೆ ಕಪ್ಪು ಎಳೆಗಳು ಮೂಡುವುದು ಓರೆಗಣ್ಣಿಗೆ ಕಾಣುತ್ತಿತ್ತು. ಗಷ್ಟಿನಡಿ ಆವಿ ಸಿಕ್ಕಿಕೊಂಡದ್ದು ಮಾತ್ರ ಕಾಣಲಿಲ್ಲ. ಬೀಕರು ಒಮ್ಮೆ ಕುಕ್ಕಿದಂತೆ ಅದುರಿತು. ನಾನು ತಲೆ ಎತ್ತುವಷ್ಟರಲ್ಲಿ ಧಡ್ ಎಂದು ಕಪ್ಪು ನೀರು ಮೇಲಕ್ಕೆ ಚಿಮ್ಮಿ ಮೇಜಿಗೆ, ತೆರೆದ ಪುಟಕ್ಕೆ, ನನ್ನ ಮಣಿಕಟ್ಟಿಗೆ ಬಿತ್ತು. ಕುದಿಯುವ ಬಿಸಿ, ಜೊತೆಗೆ ಕ್ಷಾರ. ನಲ್ಲಿಯಡಿ ಕೈ ಹಿಡಿದು ನಿಂತಿದ್ದಾಗಲೂ ಚರ್ಮ ಸೋಪು ಸವರಿದಂತೆ ಜಾರುತ್ತಿತ್ತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ಅದರ ಗಾಜಿನ ಮೇಲೂ ಎರಡು ಕಪ್ಪು ಹನಿ.

ಉಳಿದಷ್ಟನ್ನು ತೊಳೆದು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ಸತು ಹಾಕಿದೆ. ನೀಲಿ ಕಳೆದು ಕೆಂಪು ಪುಡಿ ಇಳಿಯಿತು. ತೂಗಿದರೆ 0.31 ಗ್ರಾಂ, ಶೇ. 62. "95 ಅಂತ ಬರಿ, ಎಲ್ಲರೂ ಬರೆಯೋದು ಹಾಗೇ" ಅಂದರು ಮೇಡಂ. ಬರೆಯಲಿಲ್ಲ, ಮೂರು ಅಂಕ ಹೋಯಿತು. ಪಕ್ಕದ ಮೇಜಿನಲ್ಲಿ ಶೇ. 108 ಬಂದಿತ್ತು. ಇಲ್ಲದ ತಾಮ್ರ ಎಲ್ಲಿಂದ ಬಂತೆಂದು ಅವರನ್ನು ಯಾರೂ ಕೇಳಲಿಲ್ಲ. ಪುಡಿ ಒಣಗಿರಲಿಲ್ಲ, ಸತುವಿನ ಚೂರುಗಳೂ ಅದರಲ್ಲೇ ಇದ್ದವು.

ಈ ಪ್ರಯೋಗ ಮಾಡುವವರು ಕಪ್ಪು ಪುಡಿ ಪೂರ್ತಿ ತಳಕ್ಕೆ ಕೂತ ಮೇಲೆಯೇ ನೀರು ಬಗ್ಗಿಸಿ. ಮಿಕ್ಕ ಸತುವನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಗುಳ್ಳೆ ನಿಲ್ಲುವವರೆಗೆ ಕರಗಿಸಿ. ತಾಮ್ರವನ್ನು ನೇರ ಉರಿಯಲ್ಲಿ ಒಣಗಿಸಿದರೆ ಮತ್ತೆ ಕಪ್ಪಾಗಿ ತೂಕ ಏರುತ್ತದೆ, ಹಬೆಯ ಮೇಲಿಡಿ. ನೀಲಿ ಗಷ್ಟು ಕಾಯುವಾಗ ಬರೆಯುವ ಕೆಲಸ ಜೊತೆಯವರಿಗೆ ಬಿಡಿ, ಕಡ್ಡಿ ನಿಮ್ಮ ಕೈಯಲ್ಲಿರಲಿ.