ಯಾವ್ ಶಿವಪುರ?

ತಮ್ಮಾ, ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಮೇಲೆ ಬರೋ ತಂತ್ರ) ಬಗ್ಗೆ ನಗೆ ರೀಲ್ಸ್ ಮಾಡಿದ್ರೆ ಊರಲ್ಲಿ ಯಾರು ನೋಡ್ತಾರೆ ಅಂತ ಕೇಳಿದ್ದೀಯ. ಆ ಮೂರಕ್ಷರ ಎತ್ತಲೇಬೇಡ. ಟೀ ಅಂಗಡಿ ಬೆಂಚಿನ ಮೇಲಿನ ತಾತನನ್ನೇ ಗೂಗಲ್ ಆಗಿಸು. ಮೊದಲ ಕಂತು ಹೀಗಿರಲಿ:

ಬೈಕಿನವನು: 'ಶಿವಪುರ ಎಲ್ಲೈತೆ ತಾತ?'

'ಯಾವ್ದು? ಹೆಬ್ರಿದಾ, ಕೊಪ್ಪಳದ್ದಾ?'

'ಬಾವುಟ ಹಾರಿಸಿದ್ದು, 1938...'

'ಮದ್ದೂರು ಶಿವಪುರ ಅನ್ನಪ್ಪಾ! ಸತ್ಯಾಗ್ರಹ ಸೌಧ ಅಲ್ಲೇ ಐತೆ.'

ಜನ ಹುಡುಕೋ ಮಾತು ಶೀರ್ಷಿಕೆಯಲ್ಲಿ ಇಲ್ದಿದ್ರೆ ಗೂಗಲ್ಲೂ ಹೀಗೇ ತಡಕಾಡೋದು. ನಿನ್ನ ರೀಲ್ಸಿಗೂ 'ಮದ್ದೂರು' ಸೇರಿಸು. ಕನ್ನಡದಲ್ಲೂ ಬರಿ, ಇಂಗ್ಲಿಷಿನಲ್ಲೂ ಬರಿ. ಹಾಗಂತ 'ಮದ್ದೂರು ಮದ್ದೂರು ಮದ್ದೂರು' ಅಂತ ತುರುಕಿದ್ರೆ ಗೂಗಲ್ ಅದನ್ನ ಸ್ಪ್ಯಾಮ್ ಅಂತ ಹಿಂದಕ್ಕೆ ತಳ್ಳುತ್ತೆ. ಹಾಗೆ ಒಂದೇ ಮಾತು ಹೇಳ್ತಾ ಇರೋನ ಮೇಲೆ ತಾತ ಕೋಲು ಎತ್ತಲಿ, ಅದೇ ಎರಡನೇ ಕಂತು.

ಟೀ ಕೊಡಿಸಿದವನ ಅಂಗಡಿಯನ್ನೇ ತಾತ ಮೊದಲು ಹೇಳಿದ್ರೆ ಅದು ಜಾಹೀರಾತು. ಅದು ಮೂರನೇದು.