ಇನ್‌ಸ್ಪೆಕ್ಷನ್ ದಿನ ಮಾತ್ರ ಮುಚ್ಚುವ ಗುಂಡಿ

ಬೆಂಗಳೂರಿನ ಸೈಟ್ ಸೂಪರ್‌ವೈಸರ್ ಅವರಿಗೆ,

ಅಧಿಕಾರಿ ಬರುವ ದಿನ ಲಿಫ್ಟ್ ಗುಂಡಿಗಳಿಗೆ ಪ್ಲೈವುಡ್ ಅಡ್ಡ ಇಟ್ಟು, ಮರುದಿನ ಅದನ್ನೇ ಶಟ್ಟರಿಂಗ್‌ಗೆ ಎತ್ತಿಕೊಂಡು ಹೋಗುತ್ತಾರೆ ಎಂದಿದ್ದೀರಿ. ಸಾಮಾನಿನ ಲಿಫ್ಟ್‌ನಲ್ಲಿ ಕೆಲಸಗಾರರೂ ಹತ್ತುತ್ತಾರಂತೆ. ಈ ಎರಡನೆಯದನ್ನು ಇವತ್ತೇ ನಿಲ್ಲಿಸಿ. ಜನರನ್ನು ಒಯ್ಯುವ ಹಾಯ್ಸ್ಟ್‌ನಲ್ಲಿ ವೇಗ ಮಿತಿಮೀರಿದರೆ ತಾನಾಗಿ ಹಿಡಿಯುವ ಬ್ರೇಕ್ ಇರುತ್ತದೆ. ಇಟ್ಟಿಗೆ, ಸಿಮೆಂಟ್ ಎಳೆಯುವ ಸಾದಾ ವಿಂಚ್ ಲಿಫ್ಟ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರೋಪ್ ಕಡಿದರೆ ನೇರ ಕೆಳಗೆ. ‘ಹತ್ತನೇ ಮಹಡಿಗೆ ಯಾರು ನಡೀತಾರೆ ಸಾರ್’ ಅನ್ನುವುದರಲ್ಲೂ ನ್ಯಾಯವಿದೆ. ಬರೀ ಬೈದು ಪ್ರಯೋಜನವಿಲ್ಲ, ಜನರಿಗೆಂದೇ ಹಾಯ್ಸ್ಟ್ ಕೇಳಿ.

ಇನ್ನು ಗುಂಡಿಯ ವಿಷಯ: ಒರಗಿಸಿಟ್ಟ ಹಲಗೆ ತಡೆಯಲ್ಲ. ಗೋಡೆಗೆ ಬೋಲ್ಟ್ ಮಾಡಿದ ಕಂಬಿ, ಬುಡದಲ್ಲಿ ಸಾಮಾನು ಜಾರದಂತೆ ಪಟ್ಟಿ, ಕತ್ತಲಾದರೆ ದೀಪ ಬೇಕು.

ಕಾಂಟ್ರಾಕ್ಟರ್‌ಗೆ ಫೋಟೊ ಸಮೇತ ಬರೆದೇ ತಿಳಿಸಿ; ಬಾಯಿಮಾತಿನಲ್ಲಿ ಬಿಟ್ಟರೆ ಅವಘಡವಾದ ಮೇಲೆ ಅದು ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ. ಎದುರಿಗೇ ಅಪಾಯವಿದ್ದಾಗ ಮಾಲೀಕರ ಜೊತೆ ಇನ್‌ಸ್ಪೆಕ್ಟರ್‌ಗೂ ತಿಳಿಸುವ ಹಕ್ಕನ್ನು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಕೊಟ್ಟಿದೆ. ಯಾರೂ ಕಿವಿಗೊಡದಿದ್ದರೆ ಕಾರ್ಮಿಕ ಸಹಾಯವಾಣಿ 155214. ಕಟ್ಟಡದ ಕಾಯಂ ಲಿಫ್ಟ್ ಮಾತ್ರ ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿಯದು. ಅದರ ದೂರನ್ನೂ ಸಾಮಾನಿನ ಲಿಫ್ಟ್‌ನ ದೂರನ್ನೂ ಒಂದೇ ಅರ್ಜಿಯಲ್ಲಿ ಕಲೆಸಬೇಡಿ, ಕಡತ ಟೇಬಲ್ಲಿಂದ ಟೇಬಲ್ಲಿಗೆ ಅಲೆಯುತ್ತದೆ.